ಅಚ್ಚಿಗೆ ಹೋಗುವ ಮುನ್ನ

ಮೊನ್ನೆ ಭಾನುವಾರ ಬಿಕರ್ನಕಟ್ಟೆಯ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಮೊಬೈಲನ್ನು ನನ್ನ ಕೈಗಿಟ್ಟು, "ಅಜ್ಜ, ಇದಕ್ಕೆ ನಾನು ಎಂತ ಹೇಳುವುದು?" ಅಂದೆ. ಅಷ್ಟರಲ್ಲಿ ಊಟಕ್ಕೆ ಕರೆದರು, ನೆಂಟರು ಬಂದರು, ಸ್ಟೇಟ್‌ಬ್ಯಾಂಕ್ ಬಸ್ಸಿಗೆ ಹೊತ್ತಾಯಿತೆಂದು ನೀನು ಕೈಕಂಬದ ಕಡೆ ಓಡಿದೆ. ನಿನ್ನ ಪ್ರಶ್ನೆ ಮಾತ್ರ ಇಲ್ಲೇ ಉಳಿಯಿತು. ಬಾಯಲ್ಲಿ ಹೇಳಿದ್ದರೆ ಅರ್ಧ ಹೇಳಿ ಬಿಡುತ್ತಿದ್ದೆ. ಇದನ್ನು ಪೂರ್ತಿ ಹೇಳಬೇಕು ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಪಕ್ಕದ ಮೇಜಿನ ಹುಡುಗ ಕವನ ಸಂಕಲನ ತರುತ್ತಿದ್ದಾನೆ. ಮುಖಪುಟವನ್ನೂ ಒಳಪುಟಗಳನ್ನೂ ತಾನೇ ಮಾಡಿ, ಮೊದಲು ನಿನಗೆ ಕಳಿಸಿ, "ಹೇಗಿದೆ ಹೇಳು" ಎಂದಿದ್ದಾನೆ. ನಾನೂ ಕನ್ನಡಕ ಹಾಕಿಕೊಂಡು ನೋಡಿದೆ. ಮುಳುಗುವ ಸೂರ್ಯ, ಎರಡು ತೆಂಗಿನ ಮರ, ಒಂದು ದೋಣಿ, ಮೂಲೆಯಲ್ಲಿ ನವಿಲುಗರಿ, ಗರಿಯ ಬುಡದಲ್ಲಿ ಗುಲಾಬಿ, ಕೆಳಗೆ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಅವನ ಫೋಟೊ. ಕಿತ್ತಳೆ ಬಣ್ಣದ ಆಕಾಶದ ಮೇಲೆ ಹಳದಿ ಅಕ್ಷರ. ಹೆಸರಿಗೊಂದು ಫಾಂಟು, ಕವಿಯ ಹೆಸರಿಗೆ ಇನ್ನೊಂದು, ಬೆಲೆಗೆ ಮತ್ತೊಂದು. ಒಳಪುಟದಲ್ಲಿ ಒತ್ತಕ್ಷರಗಳು ಬಿಟ್ಟುಕೊಂಡಿವೆ. 'ಸೂರ್ಯ' ಇರಬೇಕಾದಲ್ಲಿ 'ಸೂರ್‌ಯ', 'ಪ್ರೀತಿ' ಇರಬೇಕಾದಲ್ಲಿ 'ಪ್‌ರೀತಿ'.

ಚೆನ್ನಾಗಿಲ್ಲ, ನೀನು ಹೇಳಿದ್ದು ಸರಿ. ಮೂವತ್ತು ವರ್ಷಕ್ಕೂ ಮೇಲೆ ಮಂಗಳೂರಿನ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದ ನನ್ನ ಕಣ್ಣಿಗೆ ನಿನಗೆ ಕಂಡದ್ದಕ್ಕಿಂತ ಇನ್ನೂ ನಾಲ್ಕು ಹೆಚ್ಚೇ ಕಂಡವು. ಆದರೆ ಚೆನ್ನಾಗಿಲ್ಲ ಎಂಬುದು ಗೊತ್ತಾದ ಮಾತ್ರಕ್ಕೆ ಅವನಿಗೆ ಏನು ಹೇಳಬೇಕು ಎಂಬುದು ಗೊತ್ತಾಗುವುದಿಲ್ಲ. ಈ ಎರಡನ್ನೂ ಒಂದೇ ಅಂದುಕೊಂಡು ನಾನೊಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಅವನು ಯಾಕೆ ತೋರಿಸಿದ ಎಂದು ಯೋಚಿಸು. ಆಫೀಸಿನಲ್ಲಿ ಅವನನ್ನು ಜನ ಅಳೆಯುವುದು ಹಾಜರಿಯಲ್ಲಿ, ಮುಗಿಸಿದ ಕೆಲಸದಲ್ಲಿ, ತಿಂಗಳ ಕೊನೆಯ ಲೆಕ್ಕದಲ್ಲಿ. ಈ ಪುಸ್ತಕ ಆ ಲೆಕ್ಕದ ಹೊರಗಿನದು. ರಾತ್ರಿ ಮನೆಯವರು ಮಲಗಿದ ಮೇಲೆ ಕೂತು ಮಾಡಿದ್ದು. ನಮ್ಮ ಕರಾವಳಿಯಲ್ಲಿ ಇಂಥವರಿಗೆ 'ಹವ್ಯಾಸಿ' ಎನ್ನುತ್ತಾರೆ. ಆ ಮಾತಿನಲ್ಲಿ ತಾತ್ಸಾರ ಇಲ್ಲ. ಹಗಲಿಡೀ ಶಾಲೆಯಲ್ಲಿ ಪಾಠ ಮಾಡಿ, ಬ್ಯಾಂಕಿನಲ್ಲಿ ನೋಟು ಎಣಿಸಿ, ರಾತ್ರಿ ಗೆಜ್ಜೆ ಕಟ್ಟಿದ ಹವ್ಯಾಸಿಗಳಿಲ್ಲದಿದ್ದರೆ ಊರೂರಿನ ಯಕ್ಷಗಾನ ಸಂಘಗಳು ಎಲ್ಲಿರುತ್ತಿದ್ದವು? ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಬಣ್ಣವೂ ಇಲ್ಲ. ವಕೀಲರು, ಮೇಷ್ಟ್ರುಗಳು ಪಂಚೆ ಶಾಲಿನಲ್ಲೇ ಕೂತು ಅರ್ಥ ಹೇಳಿದರೆ ಅಲ್ಲಿ ಕೃಷ್ಣನೂ ಕರ್ಣನೂ ಎದ್ದು ಬರುತ್ತಾರೆ. ಹೊಟ್ಟೆಪಾಡಿಗಲ್ಲದೆ ಒಂದು ಕೆಲಸ ಹಿಡಿದವನಿಗೆ ಸಿಗುವ ಸಂಬಳ ಒಂದೇ, ನಾಲ್ಕು ಜನ ನಿಂತು ನೋಡಿದರಲ್ಲ ಎಂಬುದು. ಆ ಸಂಬಳ ಕೊಡುವ ಸರದಿ ಈಗ ನಿನ್ನದು.

ಹಾಗಾದರೆ ಸುಳ್ಳು ಹೇಳಲೇ ಎಂದು ಕೇಳುತ್ತೀ. ಬೇಡ.

ಪ್ರೆಸ್ಸಿನವನಿಗೆ ಇರುವ ಹೊತ್ತು ಎರಡೇ, ಅಚ್ಚಿಗೆ ಹೋಗುವ ಮೊದಲು, ಅಚ್ಚಾದ ಮೇಲೆ. ಈ ಊರಿನ ಮೊದಲ ಪತ್ರಿಕೆಯ ಕಥೆ ನಿನಗೆ ಗೊತ್ತು. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು, ಕಲ್ಲಚ್ಚಿನಲ್ಲಿ ಮುದ್ರಣವಾದದ್ದು. ಕಲ್ಲಚ್ಚು ಅಂದರೆ ಜಿಡ್ಡಿನ ಶಾಯಿಯಲ್ಲಿ ಬರೆದ ಅಕ್ಷರ ಕಲ್ಲಿನ ಮೇಲೆ ಕೂರಬೇಕು. ಅಲ್ಲಿ ತಪ್ಪು ಕಂಡರೆ ಕಲ್ಲನ್ನೇ ಕೆರೆಯಬೇಕು. ನಾನು ಕೆಲಸಕ್ಕೆ ಸೇರುವಾಗ ಸೀಸದ ಮೊಳೆಗಳ ಕಾಲ. ಒತ್ತಿಗೆ ಬೇರೆ ಮೊಳೆ, ದೀರ್ಘಕ್ಕೆ ಬೇರೆ ಮೊಳೆ. ಜೋಡಿಸಿದ ಸಾಲುಗಳು ಗ್ಯಾಲಿ ಎಂಬ ತಟ್ಟೆಯಲ್ಲಿ ಇರುವಷ್ಟು ಹೊತ್ತು ಚಿಮಟದಲ್ಲಿ ಒಂದನ್ನು ಕಿತ್ತು ಇನ್ನೊಂದನ್ನು ಕೂರಿಸಬಹುದು. ಸಾವಿರ ಪ್ರತಿ ಹೊರಬಿದ್ದ ಮೇಲೆ ಕೊನೆಯಲ್ಲಿ ಒಂದು ತಪ್ಪೊಪ್ಪೋಲೆ ಅಂಟಿಸುವುದಷ್ಟೇ ದಾರಿ. ಅದನ್ನು ಯಾರೂ ಓದುವುದಿಲ್ಲ.

ನಿನ್ನ ಕೈಯಲ್ಲಿ ಇರುವುದು ಇನ್ನೂ ಗ್ಯಾಲಿಯಲ್ಲಿ ಇರುವ ಪುಸ್ತಕ. ಈಗ ಸುಮ್ಮನಿದ್ದರೆ ಅದು ಮರ್ಯಾದೆಯಲ್ಲ. ನಾಳೆ ಬಿಡುಗಡೆಯ ದಿನ ವೇದಿಕೆಯ ಮೇಲೆ ಯಾರೋ ಹಿರಿಯರು ಪುಸ್ತಕ ತಿರುಗಿಸಿ 'ಸೂರ್‌ಯ' ನೋಡಿ ಹುಬ್ಬು ಏರಿಸಿದಾಗ, ಕೆಳಗೆ ಕೂತ ನಿನಗೆ ಮೊದಲೇ ಗೊತ್ತಿತ್ತಲ್ಲ ಎಂಬುದು ನಿನ್ನನ್ನು ಚುಚ್ಚುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಪ್ರೆಸ್ಸಿಗೆ ಕೊಟ್ಟಾಯಿತಾ, ಇನ್ನೂ ಇದೆಯಾ?" ಇದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಆದರೂ ಅವನಿಗೆ ಒಂದು ವಿಷಯ ತಿಳಿಯುತ್ತದೆ, ಇವಳು ಇದನ್ನು ಪುಸ್ತಕ ಎಂದೇ ನೋಡುತ್ತಿದ್ದಾಳೆ ಎಂದು.

ಇನ್ನೂ ಇದೆ ಅಂದರೆ, ಎರಡು ದಿನ ಕೊಡು ಎನ್ನು. ಕೊಟ್ಟರೆ ನಿಜವಾಗಿಯೂ ಓದು. ಮುಖಪುಟ ನೋಡಿ ಹೇಳುವ ಮಾತಿಗೂ ಹನ್ನೆರಡನೆಯ ಪುಟ ಓದಿ ಹೇಳುವ ಮಾತಿಗೂ ಇರುವ ಅಂತರ ಬರೆದವನಿಗೆ ಥಟ್ಟನೆ ಗೊತ್ತಾಗುತ್ತದೆ. ನಮ್ಮ ಕಡೆ 'ಲಾಯ್ಕ ಉಂಟು' ಎಂಬ ಮಾತು ಬಾಯಲ್ಲಿ ಸದಾ ಸಿದ್ಧ. ಅದನ್ನು ಬರಿದೇ ಹೇಳಿದರೆ ಗಾಳಿಗೆ ಹೋಗುತ್ತದೆ. "ಅಮ್ಮ ಬಾವಿಯಿಂದ ನೀರು ಸೇದುವ ಪದ್ಯ ಲಾಯ್ಕ ಉಂಟು, ಆ ರಾಟೆಯ ಸದ್ದು ಕೇಳಿದ ಹಾಗಾಯಿತು" ಅಂದರೆ ಅದು ಅವನ ಜೊತೆ ವರ್ಷಗಟ್ಟಲೆ ಇರುತ್ತದೆ. 'ಪರವಾಗಿಲ್ಲ', 'ಅಡ್ಡಿಯಿಲ್ಲ' ಎಂಬ ಎರಡು ಮಾತುಗಳನ್ನು ಮಾತ್ರ ಹೇಳಬೇಡ. ಹೇಳುವವರಿಗೆ ಅವು ಮೃದುವಾಗಿ ಕಾಣುತ್ತವೆ, ಕೇಳುವವನಿಗೆ ಬಾಗಿಲು ಹಾಕಿದ ಹಾಗೆ ಕೇಳಿಸುತ್ತವೆ.

ಇನ್ನು ದೋಷ. ಎಲ್ಲವನ್ನೂ ಹೇಳಬೇಡ, ತಿದ್ದಬಹುದಾದ್ದನ್ನು ಹೇಳು. ಅವನ ರುಚಿಯನ್ನು ಎರಡು ದಿನದಲ್ಲಿ ನೀನು ಬದಲಿಸಲಾರೆ, ಬದಲಿಸುವ ಹಕ್ಕೂ ನಿನಗಿಲ್ಲ. ಗುಲಾಬಿ ಅವನಿಗೆ ಇಷ್ಟವಾದರೆ ಇರಲಿ. ಆದರೆ ಒತ್ತಕ್ಷರ ಒಡೆದದ್ದು ರುಚಿಯ ಪ್ರಶ್ನೆಯಲ್ಲ. ಯೂನಿಕೋಡಿನಲ್ಲಿ ಬರೆದದ್ದನ್ನು ಚಿತ್ರ ಮಾಡುವ ತಂತ್ರಾಂಶಕ್ಕೆ ಹಾಕಿದಾಗ, ಅದಕ್ಕೆ ಭಾರತೀಯ ಲಿಪಿಗಳನ್ನು ಜೋಡಿಸುವ ಆಯ್ಕೆ ಕೊಟ್ಟಿರದಿದ್ದರೆ ಹೀಗೆ ಬಿಚ್ಚಿಕೊಳ್ಳುತ್ತದೆ. ಅವನು ತಪ್ಪು ಬರೆದಿಲ್ಲ, ಕಂಪ್ಯೂಟರು ತಪ್ಪು ತೋರಿಸಿದೆ. ಇದನ್ನು ಹಾಗೆಯೇ ಹೇಳು. "ನಿನಗೆ ಕನ್ನಡ ಬರುವುದಿಲ್ಲ" ಎಂದು ಕೇಳಿಸಬಾರದು, "ಸೆಟ್ಟಿಂಗಿನಲ್ಲಿ ಒಂದು ಗುಂಡಿ ಬಾಕಿಯಾಗಿದೆ" ಎಂದು ಕೇಳಿಸಬೇಕು. ಹಾಗೆ ಹೇಳಿದರೆ ಸುಳ್ಳಲ್ಲ, ನಡೆದದ್ದೂ ಅದೇ.

ಹಳದಿ ಅಕ್ಷರದ ಮಾತೂ ಅಷ್ಟೇ. ಅವನು ಅದನ್ನು ನೋಡಿದ್ದು ಮೊಬೈಲಿನಲ್ಲಿ. ಪರದೆಗೆ ತನ್ನದೇ ಬೆಳಕು ಉಂಟು, ಕಾಗದಕ್ಕೆ ಇಲ್ಲ. ಅಲ್ಲಿ ಮಿನುಗಿದ ಹಳದಿ ಇಲ್ಲಿ ಕಿತ್ತಳೆಯಲ್ಲಿ ಮುಳುಗಿಹೋಗುತ್ತದೆ. ಬಾಯಿಯಲ್ಲಿ ವಿವರಿಸುವ ಬದಲು ಹತ್ತು ರೂಪಾಯಿ ಕೊಟ್ಟು ಒಂದು ಬಣ್ಣದ ಪ್ರಿಂಟ್ ತೆಗೆಸಿ ಅವನ ಕೈಗಿಡು, ಐದಾರು ಮಾರು ದೂರ ನಿಂತು ಓದೋಣ ಬಾ ಎನ್ನು. ಅವನೇ ಹೇಳುತ್ತಾನೆ. ತನ್ನ ಕಣ್ಣಿಗೆ ಕಂಡ ತಪ್ಪು ಯಾರನ್ನೂ ನೋಯಿಸುವುದಿಲ್ಲ. ಒಳಪುಟದಲ್ಲಿ ಸಾಲುಗಳು ಬೆನ್ನಿನ ಕಡೆಗೆ ಒತ್ತಿಕೊಂಡಿವೆ, ಅಂಟು ಹಾಕಿ ಬೈಂಡ್ ಮಾಡಿದಾಗ ಬಲಬದಿಯ ಪುಟಗಳಲ್ಲಿ ಪ್ರತಿ ಸಾಲಿನ ಮೊದಲ ಅಕ್ಷರ ಹೊಟ್ಟೆಯೊಳಗೆ ಹೋಗುತ್ತದೆ. ಆ ಅಂಚನ್ನು ಅರ್ಧ ಇಂಚು ಹೆಚ್ಚಿಸಲು ಹೇಳು. ಫೋಟೊವನ್ನು ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಸವೆದು ಸಣ್ಣದಾಗುತ್ತದೆ, ಡಾಕ್ಯುಮೆಂಟಾಗಿ ಕಳಿಸಲಿ. ಇಷ್ಟು ಸಾಕು. ಮೂರು ಫಾಂಟಿನ ಮಾತು ಅವನಾಗಿ ಕೇಳಿದರೆ ಮಾತ್ರ.

ಇದನ್ನೆಲ್ಲ ಎಲ್ಲಿ ಹೇಳುತ್ತೀ ಎಂಬುದೂ ಮುಖ್ಯ. ಆಫೀಸಿನ ಗುಂಪಿನಲ್ಲಿ ಅಲ್ಲ, ಊಟದ ಮೇಜಿನಲ್ಲಿ ಅಲ್ಲ. ಮುಖಪುಟವನ್ನು ಇನ್ನೊಬ್ಬರಿಗೆ ಕಳಿಸಲೇಬೇಡ, ನಗುವ ಮುಖದ ಗುರುತಿನೊಂದಿಗೆ ಅಂತೂ ಖಂಡಿತ ಬೇಡ. ಅವನು ನಿನ್ನನ್ನು ನಂಬಿ ತೋರಿಸಿದ ವಸ್ತು ಅದು. ಚಾ ಕುಡಿಯಲು ಹೊರಗೆ ಹೋದಾಗ, ಇಬ್ಬರೇ ಇದ್ದಾಗ, ಒಂದೇ ಸಲ ಹೇಳು. ಒಪ್ಪದಿದ್ದರೆ ಬಿಟ್ಟುಬಿಡು. ಪುಸ್ತಕ ಅವನದು.

ನೀನು ಅಂದೆಯಲ್ಲ, "ಅಜ್ಜ, ನೇರವಾಗಿ ಹೇಳುವುದೇ ಉಪಕಾರ. ಕುವೆಂಪುಗೆ ಕಸಿನ್ಸ್ ಹೇಳಲಿಲ್ಲವಾ?" ಎಂದು. ಬಹಳ ಜನ ಈ ಕಥೆಯನ್ನು ತಮ್ಮ ಒರಟುತನಕ್ಕೆ ಆಸರೆ ಮಾಡಿಕೊಳ್ಳುತ್ತಾರೆ, ಅದಕ್ಕೇ ಸ್ವಲ್ಪ ನಿಂತು ನೋಡೋಣ. ಕುವೆಂಪು 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಎಂಬ ಇಂಗ್ಲಿಷ್ ಕವನಗಳ ಪುಸ್ತಕ ಅಚ್ಚು ಹಾಕಿಸಿದ್ದರು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಇನ್ನೂ ಇಪ್ಪತ್ತು ತುಂಬದ ಈ ಹುಡುಗ ತನ್ನ ಇಂಗ್ಲಿಷ್ ಪದ್ಯಗಳನ್ನು ಹಿಡಿದು ಹೋದ. ಕಸಿನ್ಸ್ ನೋಡಿ, ಕನ್ನಡದಲ್ಲಿ ಏನಾದರೂ ಬರೆದಿದ್ದೀರಾ ಎಂದು ಕೇಳಿದರು. ಕುವೆಂಪುಗೆ ಆ ಹೊತ್ತಿಗೆ ಬೇಸರವೇ ಆಯಿತು. ಆಮೇಲೆ ಕನ್ನಡಕ್ಕೆ ಏನು ಸಿಕ್ಕಿತು ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಆದರೆ ಗಮನಿಸು. ಕುವೆಂಪು ತಾವಾಗಿ ಹುಡುಕಿಕೊಂಡು ಹೋದದ್ದು, ಅಭಿಪ್ರಾಯ ಬೇಕೆಂದೇ ಹೋದದ್ದು. ಎದುರಿಗಿದ್ದವರು ಸ್ವತಃ ಕವಿ, ವಯಸ್ಸಿನಲ್ಲಿ ಹಿರಿಯರು, ಮಾರನೆಯ ದಿನ ಒಂದೇ ಕಚೇರಿಯಲ್ಲಿ ಮುಖ ನೋಡಬೇಕಾದವರಲ್ಲ. ಮುಖ್ಯವಾದದ್ದು, ಅವರು ದಾರಿ ಮುಚ್ಚಲಿಲ್ಲ, ಇನ್ನೊಂದು ದಾರಿ ತೋರಿಸಿದರು. ಆ ಹುಡುಗನಲ್ಲಿ ಬರೆಯುವ ಶಕ್ತಿ ಇದೆ ಎಂದು ಒಪ್ಪಿಕೊಂಡವರು ಮಾತ್ರ ಆ ಪ್ರಶ್ನೆ ಕೇಳಲು ಸಾಧ್ಯ. ನೇರ ಮಾತು ಎಂದು ನಾವು ಆಡುವ ಹೆಚ್ಚಿನ ಮಾತುಗಳಲ್ಲಿ ಆ ಒಪ್ಪಿಗೆ ಇರುವುದಿಲ್ಲ.

ಇನ್ನೊಂದು ಎಚ್ಚರ ಬೇಕು. ನಮಗೆ ತಪ್ಪು ಎಂದು ಕಾಣುವುದೆಲ್ಲ ತಪ್ಪಾಗಿರಬೇಕಾಗಿಲ್ಲ. ಇದೇ ಮಂಗಳೂರಿನಲ್ಲಿ 1883ರಲ್ಲಿ ಹುಟ್ಟಿ ಮಂಜೇಶ್ವರದಲ್ಲಿ ಬಾಳಿದ ಗೋವಿಂದ ಪೈಗಳು 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಪದ್ಯ ಬರೆದರು. ಶತಮಾನಗಳಿಂದ ಸಾಲುಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ ಕೂಡಿಸಿ ಓದಿದ ಕಿವಿಗಳಿಗೆ ಅದು ಹೇಗೆ ಕೇಳಿಸಿರಬೇಕು! ಬರಲಿಲ್ಲ ಅದಕ್ಕೆ ಬಿಟ್ಟ ಅಂದುಕೊಳ್ಳುವುದು ಬಹಳ ಸುಲಭವಿತ್ತು. ಅವರು ಬೇಕೆಂದೇ ಬಿಟ್ಟದ್ದು. ಆಮೇಲೆ ಹೊಸ ಕಾವ್ಯ ಆ ದಾರಿಯಲ್ಲೇ ನಡೆಯಿತು, ಅವರು ರಾಷ್ಟ್ರಕವಿಯಾದರು. ನಿನ್ನ ಗೆಳೆಯ ಗೋವಿಂದ ಪೈ ಎಂದು ನಾನು ಹೇಳುತ್ತಿಲ್ಲ. ವಿಚಿತ್ರವಾಗಿ ಕಂಡದ್ದನ್ನು ತಿದ್ದುವ ಮುಂಚೆ, "ಇದು ಬೇಕೆಂದೇ ಹೀಗೆ ಇಟ್ಟದ್ದಾ?" ಎಂದು ಒಮ್ಮೆ ಕೇಳು ಎನ್ನುತ್ತಿದ್ದೇನೆ. ಆ ದೋಣಿಯನ್ನು ಅವನು ಯಾಕೆ ಇಟ್ಟ ಎಂದು ನೀನು ಕೇಳಿಯೇ ಇಲ್ಲ.

ಒಂದು ವೇಳೆ ಪುಸ್ತಕ ಆಗಲೇ ಅಚ್ಚಾಗಿಬಿಟ್ಟಿದ್ದರೆ, ದೋಷದ ಮಾತು ಅಲ್ಲಿಗೆ ಮುಗಿಯಿತು. ಬಿಡುಗಡೆಗೆ ಹೋಗು. ಗೌರವ ಪ್ರತಿ ಕೊಡಲು ಬಂದರೆ ಬೇಡ ಅಂದು ದುಡ್ಡು ಕೊಟ್ಟು ಕೊಳ್ಳು, ಸಹಿ ಹಾಕಿಸಿಕೋ. ವಾರದಲ್ಲಿ ಓದಿ ಯಾವ ಪುಟದ ಯಾವ ಪದ್ಯ ಹಿಡಿಸಿತು ಎಂದು ಹೇಳು. ಅದರಲ್ಲಿ ಯಾರನ್ನಾದರೂ ಅವಮಾನಿಸಿದ್ದರೆ, ಇನ್ನೊಬ್ಬರ ಪದ್ಯ ಕದ್ದಿದ್ದರೆ ಮಾತ್ರ ಅಚ್ಚಾದ ಮೇಲೂ ಹೇಳಬೇಕು. ಅದು ಬೇರೆಯೇ ವಿಷಯ. ಅಕ್ಷರದೋಷಕ್ಕೆ ಎರಡನೆಯ ಮುದ್ರಣದವರೆಗೂ ಕಾಯಬಹುದು. ಅವನೇ ಕೇಳುವವರೆಗೂ ಕಾಯಬಹುದು.

ಈಗ ನನ್ನ ಕಥೆ.

1978ರ ಮಳೆಗಾಲ. ನಮ್ಮ ಪ್ರೆಸ್ಸಿನಲ್ಲಿ ಟ್ರೆಡಲ್ ಯಂತ್ರ ತುಳಿಯುವ ಒಬ್ಬರಿದ್ದರು. ಹೊಳೆಯ ದಡದವರು, ನನಗಿಂತ ಹತ್ತು ವರ್ಷ ದೊಡ್ಡವರು. ಶಾಲೆ ನಾಲ್ಕನೆಯ ತರಗತಿಗೆ ನಿಂತಿತ್ತು. ಕಂಪೋಸಿಟರ್‌ಗಳ ಕೈ ನೋಡಿ ನೋಡಿ ಮೊಳೆ ಜೋಡಿಸಲು ಕಲಿತಿದ್ದರು. ಆ ಮಳೆಗಾಲದಲ್ಲಿ ಕೆಲಸ ಕಡಿಮೆ ಇದ್ದಾಗ ಧನಿಗಳ ಅನುಮತಿ ಕೇಳಿ, ಮದುವೆ ಕಾಗದ ಕತ್ತರಿಸಿ ಉಳಿದ ಚೂರುಗಳನ್ನು ಒಟ್ಟುಮಾಡಿ, ಹದಿನಾರು ಪುಟದ ಒಂದು ಪುಸ್ತಿಕೆ ಅಚ್ಚು ಹಾಕಿದರು. ಅವರದೇ ಪದ್ಯಗಳು. ಒಂದು ಪುಟ ಗುಲಾಬಿ ಬಣ್ಣ, ಒಂದು ಹಳದಿ, ಒಂದು ತೆಳು ಹಸಿರು. ಯಾವ ಕೇಸಿನಲ್ಲಿ ಯಾವ ಮೊಳೆ ಬಿಡುವಾಗಿತ್ತೋ ಅದನ್ನೇ ಬಳಸಿದ್ದರಿಂದ ಒಂದೇ ಸಾಲಿನಲ್ಲಿ ದಪ್ಪ ಅಕ್ಷರ, ಸಣ್ಣ ಅಕ್ಷರ. ಮುಖಪುಟದಲ್ಲಿ ಮಾವಿನ ತೋರಣದ ಬ್ಲಾಕು. ಪ್ರೆಸ್ಸಿನಲ್ಲಿ ಇದ್ದ ಅಲಂಕಾರ ಅದೊಂದೇ, ಮದುವೆ ಕಾಗದದ್ದು.

ಮಧ್ಯಾಹ್ನ ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟರು. ನನಗೆ ಕೊಡುವಾಗ, "ನೀವು ನೋಡಬೇಕು" ಅಂದರು. ನಾನು ಪ್ರೂಫ್ ರೀಡರ್. ನೋಡುವುದು ಅಂದರೆ ನನಗೆ ಗೊತ್ತಿದ್ದದ್ದು ಒಂದೇ ಬಗೆ. ಕೆಂಪು ಪೆನ್ನು ತೆಗೆದು ಊಟದ ಬಿಡುವು ಮುಗಿಯುವುದರೊಳಗೆ ಹದಿನಾರು ಪುಟಕ್ಕೂ ಗುರುತು ಹಾಕಿದೆ. 27 ತಪ್ಪು. ಕೊನೆಯಲ್ಲಿ ಸಂಖ್ಯೆ ಬರೆದು ಸುತ್ತು ಹಾಕಿ, ಎಲ್ಲರೂ ಕೈತೊಳೆದು ಬರುವ ಹೊತ್ತಿಗೆ ಅವರ ಕೈಗೆ ಕೊಟ್ಟೆ. ಯಾರೋ ನಕ್ಕರು. ನಾನು ನಗಲಿಲ್ಲ, ಆದರೆ ನಗದಿದ್ದದ್ದರಿಂದ ನನ್ನ ತಪ್ಪು ಕಡಿಮೆಯಾಗುವುದಿಲ್ಲ. ಅವರು ಪುಟ ತಿರುಗಿಸಿ ನೋಡಿದರು. "ಹೌದಲ್ಲಾ" ಅಂದರು. ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಯಂತ್ರದ ಕಡೆ ಹೋದರು. ಆಮೇಲೆ ಹನ್ನೊಂದು ವರ್ಷ ಒಟ್ಟಿಗೆ ಕೆಲಸ ಮಾಡಿದೆವು. ಮಕ್ಕಳ ಮದುವೆಗೆ ಕರೆದರು, ಮೀನು ಸಿಕ್ಕಿದ ದಿನ ಮನೆಗೆ ತಂದುಕೊಟ್ಟರು. ಪದ್ಯ ಮಾತ್ರ ಯಾರಿಗೂ ಮತ್ತೆ ತೋರಿಸಲಿಲ್ಲ. ಆ ಹದಿನಾರು ಪುಟಗಳಲ್ಲಿ ಒಂದು ಪದ್ಯವಾದರೂ ಹೇಗಿತ್ತು ಎಂದು ನಾನು ಅವರಿಗೆ ಹೇಳಿರಲಿಲ್ಲ. ಓದಿಯೇ ಇರಲಿಲ್ಲ, ಮಗಳೇ. ಅಕ್ಷರ ನೋಡಿದ್ದೆ, ಅಷ್ಟೇ.

ಅವರು ಹೋದ ಮೇಲೆ ಕಂಪ್ಯೂಟರು, ಆಫ್‌ಸೆಟ್ಟು ಬಂತು. ಸೀಸವನ್ನು ತೂಕಕ್ಕೆ ಹಾಕುವ ದಿನ ಕೇಸುಗಳನ್ನು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಟ್ರೆಡಲ್ಲಿನ ಹಿಂದಿನ ಹಲಗೆಯ ಮೇಲೆ, ಧೂಳಿನಲ್ಲಿ, ನೂಲಿನಿಂದ ಬಿಗಿಯಾಗಿ ಕಟ್ಟಿಟ್ಟ ಸೀಸದ ಮೊಳೆಗಳ ಒಂದು ಪುಟ ಸಿಕ್ಕಿತು. ನೀನು ಚಿಕ್ಕವಳಿದ್ದಾಗ ನನ್ನ ಪುಸ್ತಕದ ಕಪಾಟಿನಲ್ಲಿ ಅದನ್ನು ನೋಡಿ "ಈ ಇಟ್ಟಿಗೆ ಎಂತಕ್ಕೆ?" ಎಂದು ಕೇಳಿದ್ದೆ. ನಾನು ಆಗ ಏನೋ ಹೇಳಿ ಮಾತು ಹಾರಿಸಿದ್ದೆ.

ಮೊಳೆಯ ಪುಟವನ್ನು ತಲೆಕೆಳಗಾಗಿ, ಎಡದಿಂದ ಬಲಕ್ಕೆ ಓದುವುದು ನಮಗೆ ರೂಢಿ. ಎಂಟು ಸಾಲು. ಅವರ ಪುಸ್ತಿಕೆಯ ಕೊನೆಯ ಪದ್ಯ. ಆ ಪುಟದಲ್ಲಿ ನಾನು ನಾಲ್ಕು ಗುರುತು ಹಾಕಿದ್ದು ನೆನಪಿತ್ತು. ನಾಲ್ಕನ್ನೂ ತಿದ್ದಿದ್ದರು. ಮಹಾಪ್ರಾಣ ಬಂದಿತ್ತು, ಬಿಟ್ಟುಹೋದ ಒತ್ತು ಬಂದಿತ್ತು, ದಪ್ಪ ಮೊಳೆ ಹೋಗಿ ಸರಿಯಾದದ್ದು ಕೂತಿತ್ತು. ತಿದ್ದಿ, ಕಟ್ಟಿ ಇಟ್ಟಿದ್ದರು. ಮತ್ತೆ ಅಚ್ಚು ಹಾಕಲಿಲ್ಲ.

ನಾಲ್ಕನೆಯದು ತಪ್ಪೇ ಆಗಿರಲಿಲ್ಲ. ಹೊಳೆಯ ಪಕ್ಕಕ್ಕೇ ಅವರು 'ಹೊಯಿಗೆ' ಎಂದು ಇಟ್ಟಿದ್ದರು. ನಾವೆಲ್ಲ ಹುಟ್ಟಿದಂದಿನಿಂದ ಆಡುವ ಮಾತು, ಹೊಯಿಗೆ ಬಜಾರಿನ ಹೊಯಿಗೆ. ಪುಸ್ತಕದ ಭಾಷೆಯಲ್ಲ ಎಂದು ನಾನು ಅದಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ 'ಮರಳು' ಎಂದು ಬರೆದಿದ್ದೆ. ಅವರು ನನ್ನನ್ನು ನಂಬಿದ್ದರು. ಮೂರನೆಯ ಸಾಲಿನ ಕೊನೆಯಲ್ಲಿ, ಹೊಳೆಯ ಪಕ್ಕ, ಸೀಸದಲ್ಲಿ, 'ಮರಳು' ಎಂದೇ ಇದೆ.